ಅಳಿಸಲು ಮೊಹರು ಬೇಡ

ಸಣ್ಣತಾಯಕ್ಕನ ಮನೆಯ ಬಾಗಿಲು ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನವರು ಏನಾದರೂ ಹೇಳಲು ಕೂತರೆ ತಪ್ಪು ಮಾಡಿದವರ ಹೆಸರನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಡುವೆ ಕಾಫಿ ತಿಂಡಿ ಆಗಿ, ಕೇಳುವವರು ಚಪ್ಪಲಿ ಹುಡುಕುವ ಹೊತ್ತಿಗೆ ಆ ಹೆಸರನ್ನು ಮೆಲ್ಲಗೆ ನುಂಗಿಬಿಡುತ್ತಾರೆ. ನನಗೆ ಆ ಅಭ್ಯಾಸ ಬೇಡ. ಆದರೆ ತಪ್ಪಿನಲ್ಲಿ ನನ್ನ ಜೊತೆ ಇನ್ನೂ ಕೆಲವರಿದ್ದರು, ಅವರನ್ನೂ ನಾನು ಬಿಡುವವಳಲ್ಲ.

ನಮ್ಮ ಊರಿನ ಬಾಗಿಲುಗಳು ವರದಿಯ ಮಾತು ಕೇಳುತ್ತವೆ. ಬೆಳಿಗ್ಗೆ ಆರಕ್ಕೆ ಕಚೇರಿಯಲ್ಲಿ ವರದಿ ಅಚ್ಚಾಗುತ್ತದೆ. ಮನೆಗೊಂದು ಸಾಲು, ಸಾಲಿನ ಕೊನೆಗೆ ಒಂದು ಪದ. 'ತೆರೆ' ಎಂದಿದ್ದರೆ ಆ ಮನೆಯ ಬಾಗಿಲು ಅವತ್ತು ತೆರೆಯುತ್ತದೆ. 'ಮುಚ್ಚು' ಎಂದಿದ್ದರೆ ಆನೆ ಕಟ್ಟಿ ಎಳೆಸಿದರೂ ತೆರೆಯುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ, ಆಗ ವರದಿಯನ್ನು ಕೈಯಲ್ಲಿ ಬರೆಯುತ್ತಿದ್ದರು.

ಜನ ಇದಕ್ಕೆ ಎಷ್ಟು ಚೆನ್ನಾಗಿ ಒಗ್ಗಿಹೋಗಿದ್ದಾರೆಂದರೆ ನೋಡಿದರೆ ಮೈ ಉರಿಯುತ್ತದೆ. ಹಾಲಿನವನು ಉದ್ದ ಮೂತಿಯ ತಂಬಿಗೆ ಮಾಡಿಸಿಕೊಂಡಿದ್ದಾನೆ, ಕಿಟಕಿಯ ಸರಳುಗಳ ನಡುವೆ ತೂರಿಸಿ ಪಾತ್ರೆಗೆ ಹಾಲು ಬಗ್ಗಿಸುತ್ತಾನೆ. ಮದುವೆಯ ಕರೆಯೋಲೆಯಲ್ಲಿ ಮುಹೂರ್ತದ ಕೆಳಗೆ 'ಬಾಗಿಲು ತೆರೆದಿದ್ದಲ್ಲಿ' ಎಂದು ಅಚ್ಚು ಹಾಕಿಸುತ್ತಾರೆ. ಮುಚ್ಚಿದ ದಿನ ಹಪ್ಪಳ ಒತ್ತುವ ದಿನ ಎಂದು ಹೆಂಗಸರೇ ಗೊತ್ತು ಮಾಡಿಕೊಂಡಿದ್ದಾರೆ. ಯಾಕೆ ಮುಚ್ಚಿತು ಎಂದು ಕೇಳಿದವರನ್ನು ನಾನು ನೋಡಿಲ್ಲ. ಎಷ್ಟು ಹಪ್ಪಳ ಆಯಿತು ಎಂದು ಕೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ.

ಆ ಕೊನೆಯ ಪದವನ್ನು ತೀರ್ಮಾನಿಸುವುದು ಒಂದು ಸೂತ್ರ, ಕಂಪ್ಯೂಟರಿನಲ್ಲಿ ಆ ಸೂತ್ರ ಬರೆದವಳು ನಾನು. ಕೇಳಲು ಸರಳವಾಗಿದೆ. ಮನೆಯ ಯಜಮಾನ ಈ ವಾರದ ಸಹಿ ಹಾಕಿದ್ದರೆ, ಆಗ 'ತೆರೆ'. ಇಲ್ಲದಿದ್ದರೆ 'ಮುಚ್ಚು'. ಸಹಿ ತಪ್ಪಿದ ಮನೆಗೆ ಜವಾನ ಪುಸ್ತಕ ಹಿಡಿದುಕೊಂಡು ಹೋಗಿ ಕಿಟಕಿಯಿಂದ ಸಹಿ ತರುತ್ತಾನೆ, ಮಾರನೆಯ ದಿನ ಬಾಗಿಲು ತೆರೆಯುತ್ತದೆ. ಈ ಸೂತ್ರದ ಒಂದು ಅಕ್ಷರ ಬದಲಿಸಬೇಕಾದರೂ ಮೂವರ ಸಮಿತಿ ಸೇರಿ ಸಹಿ ಮಾಡಬೇಕು. ಸಮಿತಿ ಸೇರುವುದು ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ.

ಮನೆಗಳ ಅರ್ಜಿಗಳ ವಿಷಯ ಹಾಗಲ್ಲ. ನಮ್ಮ ಕಚೇರಿಯಲ್ಲಿ ಅರ್ಜಿಯನ್ನು ಪೆನ್ಸಿಲ್ಲಿನಲ್ಲೇ ಬರೆಸುತ್ತೇವೆ, ತಿದ್ದಲು ಅನುಕೂಲ ಎಂದು. ಅರ್ಜಿಯಲ್ಲಿರುವುದನ್ನೇ ನಾನು ಕಂಪ್ಯೂಟರಿಗೆ ಏರಿಸುತ್ತೇನೆ. ಹೊಸ ಹೆಸರು ಬರೆಯಬೇಕಾದರೆ ಸಾಹೇಬರ ಮೊಹರು ಬೀಳಬೇಕು. ಅಳಿಸಲು ಮೊಹರು ಬೇಡ. ಹನ್ನೊಂದು ವರ್ಷ ಆ ಮೇಜಿನ ಮುಂದೆ ಕೂತಿದ್ದೇನೆ, ಇದರಲ್ಲೇನಾದರೂ ಅನ್ಯಾಯವಿದೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಊರಿನವರನ್ನು ಬೈಯುವ ನಾನೂ ಅದೇ ಊರಿನವಳೇ.

ಸಣ್ಣತಾಯಕ್ಕ ನಮ್ಮ ಹಿಂದಿನ ಬೀದಿಯವಳು. ರವಿಕೆ ಹೊಲಿಯುತ್ತಾಳೆ. ಊರಿನ ಅರ್ಧ ಹೆಂಗಸರ ತೋಳಿನ ಅಳತೆ ಅವಳಿಗೆ ಬಾಯಿಪಾಠ. ದಪ್ಪಗಾದವರಿಗೆ ದಪ್ಪಗಾದೆ ಎಂದು ಮುಖದ ಮೇಲೇ ಹೇಳಿ, ಆಮೇಲೆ ಒಳಗೆ ಬಟ್ಟೆ ಬಿಟ್ಟು ಹೊಲಿದು ಕೊಡುವ ಜಾತಿ. ಗಂಡ ಏಳು ವರ್ಷದ ಹಿಂದೆ ಯಾರದೋ ಜೊತೆ ಊರು ಬಿಟ್ಟು ಹೋದ. ಸತ್ತಿಲ್ಲ, ಬಂದಿಲ್ಲ. ಅವನ ಹೆಸರನ್ನು ಅವಳು ಹೇಳುವುದಿಲ್ಲ, ಅವಳ ಮೇಲಿನ ಮರ್ಯಾದೆಗೆ ನಾನೂ ಇಲ್ಲಿ ಬರೆಯುವುದಿಲ್ಲ. ಮನೆ ಮಾತ್ರ ಅವಳದೇ, ಅವಳ ತಾಯಿ ಬಿಟ್ಟುಹೋದದ್ದು. ಅಷ್ಟು ವರ್ಷವೂ ಹಳೆಯ ಅರ್ಜಿಯಲ್ಲಿ ಗಂಡನ ಹೆಸರೇ ಇತ್ತು. ವಾರವಾರ ಅವನ ಸಹಿಯನ್ನು ಅವಳೇ ಹಾಕಿ ಹೋಗುತ್ತಿದ್ದಳು, ನಾವು ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು.

ಈ ಆಷಾಢದಲ್ಲಿ ಊರಿಗೆಲ್ಲ ಹೊಸ ಅರ್ಜಿ ಹಂಚಿದರು. 'ಮನೆಯ ಯಜಮಾನ' ಎಂಬ ಜಾಗದಲ್ಲಿ ಸಣ್ಣತಾಯಕ್ಕ ತನ್ನ ಹೆಸರು ಬರೆದುಕೊಟ್ಟಳು. ದಪ್ಪ ದಪ್ಪ ಅಕ್ಷರ, ಪೆನ್ಸಿಲ್ ಒತ್ತಿ ಹಿಡಿದು ಬರೆದದ್ದು. ನಮ್ಮ ಸಾಹೇಬರು ಶ್ರೀಕಂಠಯ್ಯನವರು ಅದನ್ನು ಕನ್ನಡಕ ಏರಿಸಿ ನೋಡಿದರು. ಗಂಡ ಬದುಕಿದ್ದಾನೋ ಇಲ್ಲವೋ ಪರಿಶೀಲನೆಯಾಗಲಿ, ಅಲ್ಲಿಯವರೆಗೆ ಆ ಜಾಗ ಖಾಲಿ ಇರಲಿ, ಅಳಿಸು ಎಂದರು. ನಾನು ಅಳಿಸಿದೆ. ಊಟದ ಹೊತ್ತಾಗಿತ್ತು, ಹಸಿವಾಗಿತ್ತು. ಖಾಲಿ ಇದ್ದರೆ ಸೂತ್ರ 'ಇಲ್ಲದಿದ್ದರೆ'ಗೆ ಹೋಗಿ ಬೀಳುತ್ತದೆ, ಒಂದು ದಿನ ಮುಚ್ಚುತ್ತದೆ, ಹಪ್ಪಳ ಒತ್ತಿಕೊಳ್ಳಲಿ, ಆಮೇಲೆ ನೋಡೋಣ ಎಂದುಕೊಂಡೆ. ರಬ್ಬರಿನ ಪುಡಿಯನ್ನು ಬಾಯಲ್ಲಿ ಊದಿ ಊಟಕ್ಕೆ ಎದ್ದೆ.

ಮುಂದಿನ ಸೋಮವಾರ ಅವಳ ಸಾಲಿನ ಕೊನೆಗೆ 'ತೆರೆ' ಇರಲಿಲ್ಲ, 'ಮುಚ್ಚು' ಕೂಡ ಇರಲಿಲ್ಲ. ಏನೂ ಇರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹಿಂದಿನ ಬೀದಿಗೆ ಓಡಿದೆ. ಬಾಗಿಲಿದ್ದ ಜಾಗದಲ್ಲಿ ಗೋಡೆ ಇತ್ತು. ಸುಣ್ಣ ಬಳಿದ ಹಳೆಯ ಗೋಡೆ, ಮನೆ ಕಟ್ಟಿದಾಗಿನಿಂದಲೂ ಹಾಗೇ ಇತ್ತೇನೋ ಎನ್ನುವಂತೆ. ಮೊಳೆಗೆ ಕಟ್ಟಿದ್ದ ಮಾವಿನ ತೋರಣ ಬರೀ ಗೋಡೆಯ ಮೇಲೆ ಜೋತಾಡುತ್ತಿತ್ತು, ಕೆಳಗೆ ಹಿಂದಿನ ದಿನದ ರಂಗೋಲಿ ಇತ್ತು. ಪಕ್ಕದ ಕಿಟಕಿಯ ಸರಳು ಹಿಡಿದುಕೊಂಡು ಸಣ್ಣತಾಯಕ್ಕ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ಒಳಗಿನಿಂದ ನೋಡಿದರೂ ಗೋಡೆಯೇ ಕಾಣುತ್ತದೆ ಎಂದಷ್ಟೇ ಹೇಳಿದಳು.

ನನಗೆ ತಕ್ಷಣ ನೆನಪಾದದ್ದು ಪದ್ಮರಾಜಯ್ಯನವರು. ನನಗೆ ಸೂತ್ರ ಬರೆಯಲು ಕಲಿಸಿದವರು ಅವರೇ, ಈಗಿಲ್ಲ. ಖಾಲಿ ಜಾಗ ಎದುರಾದರೆ ಸೂತ್ರ 'ಇಲ್ಲದಿದ್ದರೆ'ಗೂ ಹೋಗುವುದಿಲ್ಲ, ಅಲ್ಲೇ ಕುಕ್ಕರಿಸಿಬಿಡುತ್ತದೆ, ಉತ್ತರವೇ ಕೊಡುವುದಿಲ್ಲ ಎಂದು ಅವರು ಮೇಜು ಕುಟ್ಟಿ ಹೇಳಿದ್ದರು. ಅದಕ್ಕೇ ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ, ಜಾಗ ಖಾಲಿ ಇದೆಯೇ ಎಂದು ಕೇಳಬೇಕು. ಖಾಲಿ ಇದ್ದರೆ ಏನು ಮಾಡಬೇಕೆಂದು ಅಲ್ಲೇ ಹೇಳಿ, ಮಿಕ್ಕಿದ್ದನ್ನೆಲ್ಲ ಆಮೇಲೆ ಕೇಳಬೇಕು. ನಾನು ಆ ಸಾಲು ಬರೆದಿರಲಿಲ್ಲ. ನಮ್ಮ ಊರಿನಲ್ಲಿ ಯಜಮಾನನಿಲ್ಲದ ಮನೆ ಎಲ್ಲಿದೆ, ಬರೆದು ಯಾಕೆ ದಂಡ ಎಂದು ಬಿಟ್ಟಿದ್ದೆ. ಇದ್ದೊಬ್ಬ ಯಜಮಾನಿಯನ್ನು ನಾನೇ ಅಳಿಸಿಹಾಕಿದ್ದೆ.

ಸಾಹೇಬರ ಕೋಣೆಗೆ ಹೋದೆ. ಒಂದೇ ಒಂದು ಸಾಲು ಸೇರಿಸುತ್ತೇನೆ, ಜಾಗ ಖಾಲಿ ಇದ್ದರೆ 'ತೆರೆ' ಎಂದು, ಅಷ್ಟೇ ಸಾರ್ ಎಂದೆ. ಅವರು ಟೀ ಲೋಟವನ್ನು ತಟ್ಟೆಯ ಮೇಲೆ ನಿಧಾನವಾಗಿ ಇಟ್ಟರು.

"ಒಂದು ಸಾಲೇ ಇರಬಹುದಮ್ಮ. ಸೂತ್ರ ಮುಟ್ಟೋದು ಅಂದ್ರೆ ಸಮಿತಿ ಸೇರಬೇಕು, ನಿಂಗೆ ಗೊತ್ತಿಲ್ವಾ?"

"ಕಾರ್ತಿಕದವರೆಗೂ ಆಕೆ ಒಳಗೇ ಇರಬೇಕಾ ಸಾರ್?"

"ಯಾರು ಇರು ಅಂದ್ರು? ಯಾರಾದ್ರೂ ಒಬ್ಬ ಗಂಡಸಿನ ಹೆಸರು ಬರೆಸಿಕೊಡ್ಲಿ, ಈಗಲೇ ಮೊಹರು ಹೊಡೀತೀನಿ. ನಾಳೆ ಬೆಳಿಗ್ಗೆ ಬಾಗಿಲು. ನಾನೇನು ಬೇಡ ಅಂದ್ನಾ?"

ಹಾಗೆ ಯಾರ ಹೆಸರೂ ಬಾರದೆ ಇಪ್ಪತ್ತೊಂದು ದಿನ ಕಳೆದರೆ ಹತ್ತಿರದ ಗಂಡು ನೆಂಟನ ಹೆಸರನ್ನು ಕಚೇರಿಯೇ ಬರೆಯುತ್ತದೆ ಎಂದೂ ಅವರೇ ನೆನಪಿಸಿದರು, ಉಪಕಾರ ಮಾಡುವವರ ಧಾಟಿಯಲ್ಲಿ. ಹತ್ತಿರದ ಗಂಡು ನೆಂಟ ಎಂದರೆ ಮೈದುನ ಮಾದಪ್ಪ. ಒಮ್ಮೆ ಅವನ ಹೆಸರು ಬಿದ್ದರೆ ಮನೆ ಅವನ ಕೈಗೆ ಹೋದ ಹಾಗೆ. ಬಾಗಿಲು ತೆರೆಯಬೇಕೋ ಬೇಡವೋ ಎನ್ನುವುದು ಆಮೇಲೆ ಅವನ ಸಹಿಗೆ ಬಿಟ್ಟದ್ದು. ಸಿಟ್ಟು ಬಂದರೆ ಅವನು ಸಹಿ ಹಾಕದೆ ಕೂತರೂ ಆಯಿತು.

ಮಾದಪ್ಪ ಎರಡನೆಯ ದಿನವೇ ಹಾಜರಾದ. ದಿನವೂ ಬೆಳಿಗ್ಗೆ ಬಂದು ಕಿಟಕಿಯ ಹೊರಗೆ ಒಂದು ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅತ್ತಿಗೆ, ನಾನಿಲ್ವಾ, ಒಂದು ಮಾತು ಹೂಂ ಅನ್ನಿ ಸಾಕು ಎನ್ನುತ್ತಿದ್ದ. ಕೂತಲ್ಲೇ ಕಣ್ಣಿನಲ್ಲಿ ಮನೆಯ ಅಗಲ ಅಳೆಯುತ್ತಿದ್ದ, ಎಲ್ಲಿ ಗೋಡೆ ಒಡೆದರೆ ಅಂಗಡಿ ಆಗುತ್ತದೆ ಎಂದು ಹಾಲಿನವನ ಹತ್ತಿರ ಕೇಳಿಯೂ ಬಿಟ್ಟ. ಸಣ್ಣತಾಯಕ್ಕ ಹೂಂ ಅನ್ನಲಿಲ್ಲ. ಒಂದು ದಿನ ಎಂಜಲು ನೀರು ಎರಚಿದಳು, ಅವನು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಹಾಕಿಕೊಂಡ.

ಊರು ಎಂದಿನಂತೆ ಹೊಂದಿಕೊಂಡಿತು. ರವಿಕೆ ಬಟ್ಟೆಗಳನ್ನು ಸುರುಳಿ ಸುತ್ತಿ ಸರಳುಗಳ ನಡುವೆ ತೂರಿಸಿದರು. ಅಳತೆ ಕೊಡಲು ಹೆಂಗಸರು ಕಿಟಕಿಗೆ ಬೆನ್ನು ಕೊಟ್ಟು ನಿಂತರು, ಅವಳು ಒಳಗಿನಿಂದ ಕೈಚಾಚಿ ಟೇಪು ಹಿಡಿದಳು. ಬಾಗಿಲಿಲ್ಲದಿರುವುದರಿಂದ ಹೊಲಿಗೆ ಬೇಗ ಮುಗಿಯುತ್ತಿದೆ, ಮೊದಲಾದರೆ ಸಂತೆ ಅದು ಇದು ಎಂದು ತಿರುಗುತ್ತಿದ್ದಳು ಎಂದು ನನ್ನೆದುರೇ ಒಬ್ಬಳು ಹೊಗಳಿದಳು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಎದುರುಮನೆಯ ದೇವೀರಮ್ಮ. ಐದನೆಯ ದಿನ ಬಾಗಿಲಿದ್ದ ಜಾಗದ ಮೇಲೆ ಸಗಣಿ ತಂದು ಬೆರಣಿ ತಟ್ಟಿದಳು. ಇದೇನಮ್ಮ ಎಂದರೆ, ಬಿಸಿಲು ಚೆನ್ನಾಗಿ ಬೀಳುತ್ತೆ ಕಣೆ, ಸುಮ್ಮನೆ ಖಾಲಿ ಬಿದ್ದಿತ್ತಲ್ಲ ಎಂದಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ, ಅದೇ ದಿನ ಸಣ್ಣತಾಯಕ್ಕನಿಗೆ ಸೊಪ್ಪಿನ ಸಾರನ್ನೂ ಕೊಟ್ಟಿದ್ದಳು. ಆ ಬೆರಣಿಗಳ ಮೇಲೆ ಅವಳ ಐದು ಬೆರಳೂ ಮೂಡಿದ್ದವು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಾನು ಕಿಟಕಿಯ ಹತ್ತಿರ ಹೋದಾಗ ಅವಳು ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಕಾಲು ಊದಿಕೊಂಡಿತ್ತು. ಒಳಗೆ ಹದಿನಾಲ್ಕು ಹೆಜ್ಜೆ ಆಚೆ, ಹದಿನಾಲ್ಕು ಹೆಜ್ಜೆ ಈಚೆ, ಎಷ್ಟು ನಡೆಯಲಿ ಎಂದಳು. ಮಾದಪ್ಪ ಊಟಕ್ಕೆ ಹೋಗಿದ್ದ, ಕುರ್ಚಿ ಮಾತ್ರ ಕೂತಿತ್ತು. ಅವಳು ಅದನ್ನೇ ನೋಡುತ್ತಾ ಕೇಳಿದಳು.

"ಅನ್ಸೂಯಾ, ನಾನು ನನ್ನ ಹೆಸರು ಬರೆದಿದ್ದೆ ಕಣೆ. ಒತ್ತಿ ಬರೆದಿದ್ದೆ. ಯಾರು ಅಳಿಸಿದ್ದು ಅಂತ ನಿಂಗೇನಾದ್ರೂ ಗೊತ್ತಾ?"

"ಇಲ್ಲಕ್ಕ," ಎಂದೆ.

ಅವಳು ಹೂಂ ಎಂದಳು. ಒಂದು ರವಿಕೆಯ ಹುಕ್ಕು ಹಾಕತೊಡಗಿದಳು. ನಾನು ಕಚೇರಿಗೆ ವಾಪಸು ನಡೆದೆ. ದಾರಿಯುದ್ದಕ್ಕೂ ನನ್ನ ಕಿವಿ ಬಿಸಿಯಾಗಿತ್ತು. ಅಷ್ಟು ಹೊತ್ತಿನವರೆಗೆ ನನ್ನ ಸಿಟ್ಟೆಲ್ಲ ಸಾಹೇಬರ ಮೇಲೆ, ಮಾದಪ್ಪನ ಮೇಲೆ, ಆ ಬೆರಣಿಯ ಮೇಲಿತ್ತು. ಸಿಟ್ಟು ಮಾಡಿಕೊಂಡೇ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ, ಮಧ್ಯಾಹ್ನ ಊಟ ಮಾಡುತ್ತಿದ್ದೆ. ಅವಳೆದುರೇ ನಿಂತು ಸುಳ್ಳು ಹೇಳಿದ ಮೇಲೆ ಆ ಸಿಟ್ಟು ತಿರುಗಿ ನನ್ನ ಮೇಲೇ ಬಿತ್ತು, ಇನ್ನು ಅದನ್ನು ಹೊತ್ತುಕೊಂಡು ಕೂರಲು ಆಗಲಿಲ್ಲ.

ಐದು ಗಂಟೆಗೆ ಸಾಹೇಬರು ಮೊಹರನ್ನು ಎಂದಿನಂತೆ ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಜವಾನ ಕಿಟಕಿ ಹಾಕುತ್ತಿದ್ದ. ನಾನು ಕಪಾಟಿನಿಂದ ನಾಲ್ಕು ಅರ್ಜಿ ತೆಗೆದೆ. ಸಮಿತಿಯ ಮೂವರದು, ಶ್ರೀಕಂಠಯ್ಯನವರದು. ಸೂತ್ರವನ್ನು ನಾನು ಮುಟ್ಟುವಂತಿರಲಿಲ್ಲ, ಮುಟ್ಟಲೂ ಇಲ್ಲ. ರಬ್ಬರ್ ಮಾತ್ರ ನನ್ನದೇ ಇತ್ತು. ನಾಲ್ಕೂ ಕಡೆ ಯಜಮಾನನ ಹೆಸರು ಅಳಿಸಿದೆ, ಕಂಪ್ಯೂಟರಿನಲ್ಲೂ ತೆಗೆದೆ. ಆ ಮನೆಗಳಲ್ಲಿ ಹೆಂಡತಿ ಮಕ್ಕಳಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೊಳೆಯಿತು, ಆದರೂ ಅಳಿಸಿದೆ.

ಬೆಳಿಗ್ಗೆ ಆರೂವರೆಗೆ ಜವಾನ ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದ. ನಾನು ತಲೆ ಬಾಚಿ, ತಿಂಡಿ ತಿಂದು, ಎರಡು ಕಾಗದ ಕೈಚೀಲಕ್ಕೆ ಹಾಕಿಕೊಂಡು ನಿಧಾನವಾಗಿಯೇ ಹೋದೆ. ಸಾಹೇಬರ ಮನೆಯ ಮುಂದೆ ತುಳಸಿಕಟ್ಟೆ ಇತ್ತು, ಮೆಟ್ಟಿಲು ಮೂರು ಇದ್ದವು. ಮೆಟ್ಟಿಲು ಹತ್ತಿದರೆ ಗೋಡೆ. ಶ್ರೀಕಂಠಯ್ಯನವರು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ಬನಿಯನ್ನಿನಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಏನಮ್ಮ ಇದು? ನಮ್ಮ ಸಾಲು ಖಾಲಿ ಬಂದಿದೆಯಂತೆ."

"ಹೌದು ಸಾರ್. ಪರಿಶೀಲನೆ ಆಗ್ಲಿ ಅಂತ ಅಳಿಸಿದೀನಿ."

"ಯಾರನ್ನ ಕೇಳಿ ಅಳಿಸ್ದೆ?"

"ಅಳಿಸೋಕೆ ಮೊಹರು ಬೇಡವಲ್ಲ ಸಾರ್."

ಅವರ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ನನ್ನನ್ನು ಕೆಲಸದಿಂದ ತೆಗೆಯುತ್ತೇನೆ ಎಂದರು. ತೆಗೆಯಲು ಕಚೇರಿಗೆ ಬರಬೇಕಾಗುತ್ತದೆ ಎಂದೆ. ಅವರ ಹಿಂದೆ ಹೆಂಡತಿ ಸೌಟು ಹಿಡಿದು ನಿಂತಿದ್ದರು. ರೀ, ಆ ಹುಡುಗಿ ಹೇಳೋದನ್ನ ಕೇಳಿ, ದರ್ಜಿಯವಳು ಹತ್ತೊಂಬತ್ತು ದಿನದಿಂದ ಹೀಗೇ ಇದಾಳೆ ಎಂದು ಅವರು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಇಪ್ಪತ್ತು ಎಂದು ನಾನು ತಿದ್ದಿದೆ. ಕೊನೆಗೆ ಸಾಹೇಬರು ನನ್ನ ಅರ್ಜಿ ತಾ, ಮೊಹರು ಹೊಡೆದು ಕೊಡುತ್ತೇನೆ ಎಂದರು. ತರುತ್ತೇನೆ, ಅದಕ್ಕೆ ಮೊದಲು ಇವೆರಡಿವೆ ಎಂದು ಕೈಚೀಲದ ಕಾಗದಗಳನ್ನು ಸರಳಿನೊಳಗೆ ತೂರಿಸಿದೆ.

ಒಂದು, ಸೂತ್ರದ ಮೊದಲ ಸಾಲು. ಯಜಮಾನನ ಜಾಗ ಖಾಲಿ ಇದ್ದರೆ, ಆಗ 'ತೆರೆ'. ಇಲ್ಲದಿದ್ದರೆ ಮಿಕ್ಕಿದ್ದನ್ನು ನೋಡು. ಇನ್ನೊಂದು ಸಣ್ಣತಾಯಕ್ಕನ ಅರ್ಜಿ. ಅದನ್ನು ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಇದರಲ್ಲಿ ಹೆಸರೇ ಇಲ್ಲವಲ್ಲ, ಯಾವುದಕ್ಕೆ ಮೊಹರು?"

"ಹೊಡೀರಿ ಸಾರ್. ಬರೆಯೋರು ಬರ್ಕೋತಾರೆ."

ಹೊಡೆದರು. ಕಾರ್ತಿಕದಲ್ಲಿ ಸೇರಬೇಕಾಗಿದ್ದ ಸಮಿತಿ ಅವತ್ತು ಮೂರು ಕಿಟಕಿಗಳಲ್ಲಿ ಮುಕ್ಕಾಲು ಗಂಟೆಯೊಳಗೆ ಸೇರಿ ಮುಗಿಯಿತು. ಒಬ್ಬರಂತೂ ಓದಲೂ ಇಲ್ಲ. ಮಧ್ಯಾಹ್ನ ವರದಿ ಅಚ್ಚು ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಅವತ್ತು ಸಾಹೇಬರೇ ಹಾಕು ಎಂದು ಹೇಳಿಕಳಿಸಿದರು. ಹನ್ನೆರಡಕ್ಕೆ ಹಾಕಿದೆ. ಖಾಲಿ ಇದ್ದ ಐದು ಸಾಲುಗಳ ಕೊನೆಯಲ್ಲೂ 'ತೆರೆ' ಎಂದು ಬಂತು.

ನಾನು ಹಿಂದಿನ ಬೀದಿಗೆ ಹೋಗಲಿಲ್ಲ. ಹೋಗುವ ಮುಖ ನನಗಿರಲಿಲ್ಲ. ನಡೆದದ್ದನ್ನು ಜವಾನ ಬಂದು ಹೇಳಿದ. ಬೆರಣಿ ತಟ್ಟಿದ ಗೋಡೆಯಲ್ಲಿ ಬಾಗಿಲು ಮೂಡಿತಂತೆ, ಬೆರಣಿಗಳು ಬಾಗಿಲಿಗೇ ಅಂಟಿಕೊಂಡಿದ್ದವಂತೆ. ಸಣ್ಣತಾಯಕ್ಕ ಒಳಗಿನಿಂದ ಕಾಲಲ್ಲಿ ಒದ್ದು ತೆರೆದಾಗ ಅವೆಲ್ಲ ಮಾದಪ್ಪನ ಮಡಿಲಿಗೆ ಉದುರಿದವಂತೆ. ಅವನು ಕುರ್ಚಿ ಮಡಿಸಿಕೊಂಡು ಹೋದ. ದೇವೀರಮ್ಮ ಬೆರಣಿ ಆರಿಸಿಕೊಂಡಳು.

ಎರಡು ಗಂಟೆಯ ಹೊತ್ತಿಗೆ ಕಚೇರಿಯ ಮುಂದೆ ಸಾಲು ನಿಂತಿತು. ಜಾಗ ಖಾಲಿ ಇದ್ದರೆ ಸಹಿಯ ರಗಳೆಯೇ ಇಲ್ಲ ಎಂಬ ಸುದ್ದಿ ಹಬ್ಬಿತ್ತು, ನಮ್ಮದೂ ಅಳಿಸು ನಮ್ಮದೂ ಅಳಿಸು ಎಂದು ಗಂಡಸರೆಲ್ಲ ಬಂದಿದ್ದರು. ಶ್ರೀಕಂಠಯ್ಯನವರೂ ತಮ್ಮ ಹೆಸರು ತಿರುಗಿ ಬರೆಸಲಿಲ್ಲ, ಇಂದಿಗೂ ಅದು ಖಾಲಿಯೇ ಇದೆ. ಇವರಿಗೆ ಹೊಂದಿಕೊಳ್ಳಲು ಅರ್ಧ ದಿನ ಸಾಕು. ನಾನು ಹಲ್ಲು ಕಚ್ಚಿಕೊಂಡು ಒಂದೊಂದೇ ಅಳಿಸುತ್ತಾ ಕೂತಿದ್ದೆ.

ಆ ಸಾಲನ್ನು ಸರಿಸಿಕೊಂಡು ಸಣ್ಣತಾಯಕ್ಕ ಬಂದಳು. ಊದಿದ ಕಾಲಿನಲ್ಲಿ ನಿಧಾನವಾಗಿ ಬಂದು ನನ್ನ ಮೇಜಿನ ಮುಂದೆ ನಿಂತಳು. ನಾನು ಮೊಹರು ಬಿದ್ದ ಅರ್ಜಿಯನ್ನೂ ಪೆನ್ಸಿಲನ್ನೂ ಅವಳ ಮುಂದಿಟ್ಟೆ. ಹೆಸರು ಬರೆದರೆ ವಾರವಾರ ಬಂದು ಸಹಿ ಹಾಕಬೇಕಾಗುತ್ತದೆ, ಖಾಲಿ ಬಿಟ್ಟರೆ ಬಾಗಿಲು ತಾನಾಗಿಯೇ ತೆರೆಯುತ್ತದೆ ಎಂದೆ. ಅವಳು ಅರ್ಜಿಯನ್ನು ಬೆಳಕಿಗೆ ಹಿಡಿದಳು. ಒತ್ತಿ ಬರೆದ ಅಕ್ಷರಗಳ ಗುಳಿ ಕಾಗದದಲ್ಲಿ ಇನ್ನೂ ಇತ್ತು.

"ಪೆನ್ನು ಕೊಡು. ವಾರವಾರ ಬರ್ತೀನಿ, ನನ್ನ ಕಾಲಿಗೇನಾಗಿದೆ. ಇಪ್ಪತ್ತು ದಿನ ಖಾಲಿ ಇದ್ದೆ, ಸಾಕು."

ಪೆನ್ನು ಕೊಟ್ಟೆ. ಅವಳು ಅದನ್ನು ನನ್ನ ಕಡೆಗೇ ತಳ್ಳಿದಳು.

"ಅಳಿಸಿದ್ದು ನೀನು. ನೀನೇ ಬರಿ."

ಯಾರು ಹೇಳಿದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಆ ಗುಳಿಗಳ ಮೇಲೇ ಒಂದೊಂದು ಅಕ್ಷರ ತುಂಬುತ್ತಾ ಬರೆದೆ, ಸಣ್ಣತಾಯಮ್ಮ ಎಂದು. 'ಯ' ಸ್ವಲ್ಪ ಸೊಟ್ಟಗಾಯಿತು. ಶಾಯಿ ಆರುವವರೆಗೆ ಅವಳು ಅಲ್ಲಿಯೇ ನಿಂತಿದ್ದಳು. ಆಮೇಲೆ ನನ್ನ ಮುಂದಿದ್ದ ರಬ್ಬರನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಜೋರಾಗಿ, ನಾಲ್ಕೈದು ಸಲ ಉಜ್ಜಿದಳು. ಕಾಗದ ಸ್ವಲ್ಪ ತರಚಿತು, ಹೆಸರು ಹೋಗಲಿಲ್ಲ. ಪುಡಿಯನ್ನು ಬಾಯಲ್ಲಿ ಊದಿ, ರಬ್ಬರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಲಿನ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ಮುಂದಿನವನು ಮೇಜಿನ ಹತ್ತಿರ ಬಂದು, ನನ್ನದೊಂದು ಅಳಿಸಮ್ಮ ಎಂದ. ರಬ್ಬರ್ ಇಲ್ಲ ಎಂದೆ.